ಮಗುವಿಗೆ ಹೇಳಿದ ಮಾತು

ನಾಸಿಕ, 12-2-1968

ತಂಗಿ ವಾರಿಜಾ,

ಮಗುವಿಗೆ ಜ್ವರವಿಲ್ಲ, ತೂಕವೂ ಏರಿದೆ. ನಿದ್ದೆಗೆಟ್ಟವಳು ನಾನು. ನಮ್ಮ ಕೋಣೆಯ ಕೆಳಗೇ ಹೋಟೆಲಿನ ರುಬ್ಬುವ ಕಲ್ಲು. ನಸುಕಿಗೇ ವಡೆಯ ಹಿಟ್ಟು ರುಬ್ಬತೊಡಗಿದರೆ ಮಗು ಬೆಚ್ಚಿ ಏಳುತ್ತಿತ್ತು. ಹೋಟೆಲು ಇವರ ಅಣ್ಣನದು, ಭಾವನೊಡನೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ! ಅದಕ್ಕೆ ಭಾವ ಊಟಕ್ಕೆ ಕೂತಾಗಲೆಲ್ಲ, ಅವರ ಕಿವಿಗೆ ಬೀಳಲೆಂದು, "ಕಲ್ಲು ಗುಡುಗುಡು ಅಂತದಾ ಪುಟ್ಟಾ?" ಎಂದು ಮೂರು ತಿಂಗಳು ಮಗುವಿಗೇ ಹೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು!

ನಿನ್ನೆ ತಡೆಯಲಾಗಲಿಲ್ಲ. ಗಿರಾಕಿಗಳು ತುಂಬಿದ್ದ ಹೊತ್ತಿಗೇ ಮಗುವನ್ನೆತ್ತಿಕೊಂಡು ಮುಂಬಾಗಿಲಿನಿಂದ ಹೋಗಿ ಗಲ್ಲಾಪೆಟ್ಟಿಗೆಯ ಎದುರು ನಿಂತೆ. "ಭಾವ, ಕಲ್ಲನ್ನು ಹಿತ್ತಿಲಿಗೆ ಹಾಕಿಸಿ. ಮಗುವಿಗೆ ನಿದ್ದೆಯಿಲ್ಲ" ಎಂದೆ. ಸ್ವರ ನಡುಗಲಿಲ್ಲ.

"ಅಯ್ಯೋ ಮಾರಾಯ್ತಿ, ಮಗುವಿಗೆ ಆ ಶಬ್ದ ಖುಷಿ ಅಂತ ಎಣಿಸಿದ್ದೆ! ಅದಕ್ಕೇ ಜೋರು ತಿರುಗಿಸಲಿಕ್ಕೆ ಹೇಳಿದ್ದು!" ಎಂದರು ಭಾವ. ಚಹಾ ಕುಡಿಯುತ್ತಿದ್ದ ಮರಾಠಿ ಮುದುಕನೊಬ್ಬ "ಶಾಬಾಸ್ ವಹಿನಿ!" ಎಂದ; ಇಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ. ಸಂಜೆಯೊಳಗೆ ಕಲ್ಲು ಹಿತ್ತಿಲು ಸೇರಿತು.

ನೀನೂ ಬಿ.ಎಡ್. ಆಸೆಯನ್ನು ಅಪ್ಪನಿಗೆ ಕೇಳಲೆಂದು ದನದ ಹತ್ತಿರ ಹೇಳಿದ್ದು ಸಾಕು. ಅಂಟಿಸಿದ ಇನ್‌ಲ್ಯಾಂಡ್ ಬಿಟ್ಟು, ಯಾರೂ ಓದಬಹುದಾದ ಕಾರ್ಡಿನಲ್ಲಿ ಬರೆದದ್ದು ಅದಕ್ಕೇ. ಅಪ್ಪಾ, ಇದನ್ನು ಮೊದಲು ಓದುವವರು ನೀವೇ ಎಂದು ಗೊತ್ತು. ವಾರಿಜಾಳಿಗೆ ಈಗ ಮದುವೆ ಬೇಡ, ಓದಬೇಕು. ಉತ್ತರವನ್ನು ದನಕ್ಕಲ್ಲ, ಅವಳಿಗೇ ಹೇಳಿ.

ಮಗು ಎದ್ದಿತು, ಕಾರ್ಡೂ ತುಂಬಿತು.

ಅಕ್ಕ ಜಲಜಾಕ್ಷಿ