ಕಾರಕೂನನ ಯುದ್ಧ

ಹುಮನಾಬಾದ್, 22 ನವೆಂಬರ್ 2024, ಬೆಳಿಗ್ಗೆ 6.40

ಬಿ.ಪಿ. 150/90. ಗಾಳಿ ಈಶಾನ್ಯದಿಂದ, ಮೋಡ ಇಲ್ಲ. ನೌಕಾಪಡೆ ಬಿಟ್ಟು ಹತ್ತು ವರ್ಷ. ಎದ್ದ ಕೂಡಲೇ ಆಕಾಶ ನೋಡುವ ಚಟ ಹೋಗಿಲ್ಲ. ಹಾರುವುದಕ್ಕೆ ಒಳ್ಳೆಯ ದಿನ. ಹಾರುವವರು ಯಾರು? ಎದುರು ಮನೆಯ ಕೋಳಿ.

ನಿನ್ನೆ ಬಸವಕಲ್ಯಾಣದಿಂದ ಓಂಪ್ರಕಾಶ ಬಂದಿದ್ದ. ಸನ್ಮಾನ ಸಮಿತಿಯ ಕಾರ್ಯದರ್ಶಿಯಂತೆ. ಡಿಸೆಂಬರ್ 4, ನೌಕಾಪಡೆ ದಿನ, ನನಗೆ ಶಾಲು.

"ಸಾಹೇಬ್ರ, ನಮ್ಮ ತಾಲೂಕಿನಾಗ ವಿಮಾನ ಹಾರಿಸಿದವ್ರು ನೀವೊಬ್ರೇ ನೋಡ್ರಿ. ಇಲ್ಲ ಅನಬ್ಯಾಡ್ರಿ."

ಅನ್ನಲಿಲ್ಲ. ಎರಡು ಕಪ್ ಚಹಾ ಕುಡಿದು ಹೋದ. ಇಂಥವರಿಗೆ ವರ್ಷಕ್ಕೊಬ್ಬ ವೀರ ಬೇಕು. ಹೋದ ವರ್ಷ ಯಾವನೋ ಕುಸ್ತಿಪಟು.

27 ನವೆಂಬರ್

ಬಸವಕಲ್ಯಾಣ ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್. ನನ್ನ ತಲೆ, ಯಾರದೋ ಕುತ್ತಿಗೆ. ಹಿಂದೆ ಒಂದು ಜೆಟ್—ನೌಕಾಪಡೆಯದಂತೂ ಅಲ್ಲ, ಈ ದೇಶದ್ದೂ ಇರಲಾರದು. ಕೆಳಗೆ: "ಶತ್ರುಗಳ ಮೇಲೆ ಬಾಂಬಿನ ಮಳೆಗರೆದ ವೀರ ಕಮಾಂಡರ್ ಧಮ್ಮಪಾಲ."

ಮಳೆಯಂತೆ! ನಾನು ಹಾರಿಸಿದ್ದು ಡಾರ್ನಿಯರ್. ಎರಡು ಪಂಖಾ, ಸಮುದ್ರದ ಮೇಲೆ ಹಡಗು ಹುಡುಕುವ ಕೆಲಸ. 3,100 ಗಂಟೆ. ಮೇಲಿನಿಂದ ಬೀಳಿಸಿದ್ದು ಒಂದೇ ಒಂದು ಸಲ—ಮುಳುಗುತ್ತಿದ್ದ ಮೀನುಗಾರರಿಗೆ ರಬ್ಬರ್ ದೋಣಿ. 1999ರ ಯುದ್ಧದಲ್ಲಿ ಅದೂ ಇಲ್ಲ. ಆ ಮಾರ್ಚಿನಲ್ಲಿ ಬಲಗಿವಿಯ ಪರದೆ ಹರಿಯಿತು. ಮೆಡಿಕಲ್ ಬೋರ್ಡು ಹಾರಬೇಡ ಎಂದಿತು. ಯುದ್ಧ ಮುಗಿಯುವ ತನಕ ಮುಂಬೈಯ ಒಂದು ನೆಲಮಾಳಿಗೆಯಲ್ಲಿ ಕುರ್ಚಿ, ನಕ್ಷೆ, ಮೂರು ಫೋನು. ಯಾವ ವಿಮಾನ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು... ಗೆಳೆಯರು ಹಾರಿದರು. ನಾನು ಪೆನ್ಸಿಲ್ ಕೆತ್ತಿದೆ. ಕಾರಕೂನಿಕೆ.

ಓಂಪ್ರಕಾಶನಿಗೆ ಫೋನು. "ಸುಳ್ಳು ಬರ್ಯಾಕೂ ಒಂದು ಲಿಮಿಟ್ ಬ್ಯಾಡೇನು?"

"ನಾ ಹುಟ್ಟಿಸಿದ್ದಲ್ರಿ ಸಾಹೇಬ್ರ! ನಿಮ್ಮ ಅಕ್ಕಾರೇ ಕೊಟ್ಟಾರ್ರಿ."

ಅಂಬುಬಾಯಿಯೇ? ನಾರಾಯಣಪುರದ ಆ ಮುದುಕಿಗೆ ಓದು ಬರದು, ಬರಹ ಬರದು. ಅವಳ ತಲೆಗೆ ಕಟ್ಟುತ್ತಿದ್ದಾನೆ. ಲಫಂಗ.

30 ನವೆಂಬರ್

ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾನೆ. ನೀಲಿ ಇನ್‌ಲ್ಯಾಂಡ್ ಲೆಟರ್. ಜೂನ್ 1999. "ಅಕ್ಕಾ, ದಿನಾಲೂ ಹಾರುತ್ತಿದ್ದೇನೆ. ನಿನ್ನೆ ಬಾಂಬು ಹಾಕಿ ಬಂದೆ. ಹೆದರಬೇಡ."

ಅಕ್ಷರ ನನ್ನದೇ.

ಥೂ.

1 ಡಿಸೆಂಬರ್

ಮರೆತಿದ್ದೆ ಎಂದು ಬರೆಯಲು ಕುಳಿತೆ. ಮರೆತಿರಲಿಲ್ಲ. ಕಂಡವರ ಹೊಲದಲ್ಲಿ ಕಸ ತೆಗೆದು ನನ್ನನ್ನು ಓದಿಸಿದವಳು. ಅವಳಿಗೆ ಹೇಗೆ ಹೇಳುವುದು, ಪೆನ್ಸಿಲ್ ಹಿಡಿದು ಫ್ಯಾನಿನ ಕೆಳಗೆ ಕುಳಿತಿದ್ದೇನೆ ಎಂದು? ಇಪ್ಪತ್ತೈದು ವರ್ಷ ಊರವರನ್ನೆಲ್ಲ ಸುಳ್ಳರು ಎನ್ನುತ್ತಾ ಬಂದ ದೊಡ್ಡ ಮನುಷ್ಯ.

4ನೇ ತಾರೀಖು ವೇದಿಕೆಯ ಮೇಲೆ ನಿಜ ಹೇಳಿದರೆ ಅವಳ ಮಾನ ಊರೆದುರು ಹೋಗುತ್ತದೆ. ಹೇಳದಿದ್ದರೆ ನನ್ನದು ನನ್ನೆದುರು. ಮೊದಲು ಅವಳಿಗೆ ಹೇಳಬೇಕು.

2 ಡಿಸೆಂಬರ್, ಸಂಜೆ

ನಾರಾಯಣಪುರಕ್ಕೆ ಹೋಗಿ ಬಂದೆ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತೇ ಹೇಳಿದೆ.

"ಅಕ್ಕಾ, ಆ ಪತ್ರ ಸುಳ್ಳದ. ಯುದ್ಧದಾಗ ನಾ ಹಾರಿಲ್ಲ. ಕುರ್ಚಿ ಮ್ಯಾಲ ಕುಂತಿದ್ದೆ."

ತಲೆ ಎತ್ತಲಿಲ್ಲ. "ಗೊತ್ತದ."

"ಯಾರು ಹೇಳಿದ್ರು?"

"ಮನ್ನಾಏಖೇಳ್ಳಿ ನಾಗನಾಥ. ಆವಾಗೇ."

ನೆಲಮಾಳಿಗೆಯಲ್ಲಿ ನನಗೆ ಫೈಲು ತಂದುಕೊಡುತ್ತಿದ್ದ ನಾವಿಕ. ತಾಯಿ ತೀರಿಕೊಂಡಳೆಂದು ಯುದ್ಧದ ನಡುವೆ ಊರಿಗೆ ಬಂದಿದ್ದ.

"ಅಂವ ಅಂದ, ನಿನ್ನ ತಮ್ಮ ಕುಂತಿರ್ತಾನ, ದೊಡ್ಡ ದೊಡ್ಡ ಮಂದಿ ಎದುರಿಗಿ ನಿಂತು ಕೇಳ್ತಾರ, ಯಾವ ವಿಮಾನ ಎಲ್ಲಿ ಕಳಸ್ಬೇಕು ಅಂತ. ಅವತ್ತ ಓಣಿಗೆಲ್ಲ ಸಕ್ರಿ ಹಂಚೀನಿ."

"ಸಕ್ರಿ ಯಾಕ?"

ಆಗ ನೋಡಿದಳು. ದಡ್ಡನನ್ನು ನೋಡುವ ಹಾಗೆ.

"ಅಪ್ಪ ಜಲಮ ಪೂರಾ ಗೌಡ್ರ ಅಂಗಳದಾಗ ನಿಂತೇ ಕಳದ. ಒಂದಿನ ಕುಂದ್ರು ಅಂದವ್ರಿಲ್ಲ. ಹಾರಾದೇನು ದೊಡ್ಡದು, ಕಾಗಿನೂ ಹಾರ್ತದ. ನೀ ಕುಂತಿದ್ದಿ!"

"ಮತ್ತ ಆ ಪತ್ರ ಯಾಕ ಕೊಟ್ಟಿ ಅವ್ರಿಗಿ?"

"ನೀ ಬರದಿದ್ದಿ. ಮಂದಿ ಹಂಗ ತಿಳೀಲಿ ಅಂತ ನಿನಗ ಆಶಾ ಇತ್ತೇನೋ ಅಂತ... ಜ್ವಾಳ ತುಳೀಬ್ಯಾಡ, ಸರಿ."

ಸರಿದೆ. ಬಸ್ಸಿನಲ್ಲಿ ಅಳು ಬಂತು. ಪಕ್ಕದವನು ಕಿಟಕಿ ಮುಚ್ಚಿದ, ಧೂಳು ಎಂದುಕೊಂಡು.

4 ಡಿಸೆಂಬರ್, ಬಸವಕಲ್ಯಾಣ, ಬೆಳಿಗ್ಗೆ 10.50

ವೇದಿಕೆಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಮೇಲೆ ನಾಲ್ಕು ಕುರ್ಚಿ. ಅಕ್ಕನನ್ನು ಕೆಳಗೆ ಜಮಖಾನದ ಮೇಲೆ ಕೂರಿಸಿದ್ದರು. ಓಂಪ್ರಕಾಶನಿಗೆ ಇನ್ನೊಂದು ಕುರ್ಚಿ ಹಾಕು ಎಂದೆ.

"ಪ್ರೋಟೋಕಾಲ್ ಅದರಿ ಸಾಹೇಬ್ರ. ನಾಕೇ."

"ಅದ್ರಾಗ ನಂದೊಂದು ಅದಲ್ಲ? ಅಕ್ಕನ್ನ ಅದರ ಮ್ಯಾಲ ಕುಂದ್ರಸು. ನಾ ನಿಂದರ್ತೀನಿ."

ಹಲ್ಲು ಗಿಂಜಿದ. ತಮಾಷೆ ಎಂದುಕೊಂಡ. ನಾನೇ ಕೈ ಹಿಡಿದು ಹತ್ತಿಸಿದೆ. ಈಗ ಕುಳಿತಿದ್ದಾಳೆ. ಕಾಲು ನೆಲಕ್ಕೆ ಮುಟ್ಟುತ್ತಿಲ್ಲ. ಶಾಸಕರ ಕಡೆಯವನೊಬ್ಬ ಮೂಗು ಮುರಿಯುತ್ತಿದ್ದಾನೆ. ಮುರಿಯಲಿ.

ಭಾಷಣ ಬರೆದುಕೊಂಡು ಬಿಡುತ್ತೇನೆ, ಮೇಲೆ ಹೋದರೆ ಮಾತು ತಪ್ಪುತ್ತದೆ: "ಫ್ಲೆಕ್ಸಿನ ಮೇಲಿರುವುದು ಸುಳ್ಳು. ಅದು ನನ್ನದೇ ಸುಳ್ಳು. ಯುದ್ಧದಲ್ಲಿ ನಾನು ಹಾರಲಿಲ್ಲ. ಕುಳಿತಿದ್ದೆ. ನಾನು ಕುಳಿತದ್ದು ಹೇಗೆಂದರೆ, ಈ ನನ್ನ ಅಕ್ಕ ನಲವತ್ತು ವರ್ಷ ನಿಮ್ಮ ಹೊಲಗಳಲ್ಲಿ ಬಗ್ಗಿ ಕಸ ತೆಗೆದಳು." ಹೆಸರು ಕೂಗುತ್ತಿದ್ದಾರೆ.