ಹಿತ್ತಿಲಿನಿಂದ ಓಡಿದ ಕುರ್ಚಿಗಳು

ಬಡತನ ನಿವಾರಣಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಬಡತನ ನಿವಾರಣೆಯಾಗಿದೆ ಎಂಬ ಸುದ್ದಿಯನ್ನು ತಿಳಿಸಿದ್ದಕ್ಕೆ ಧನ್ಯವಾದಗಳು. ತಾವು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹೋದ ವಾರ ತಮ್ಮ ಕಚೇರಿಯ ಜವಾನರು ಬಂದು ನಮ್ಮ ಬೀದಿಯ ಹಳೆಯ ಪಂಪ್‌ಹೌಸಿನ ಬಾಗಿಲಿಗೆ ಆದೇಶ ಅಂಟಿಸಿ ಹೋದರು. ಪ್ರತಿ ಮನೆಯಲ್ಲೂ ಒಳ್ಳೆಯ ಕುರ್ಚಿಗಳು, ಟೇಬಲ್ ಫ್ಯಾನು, ಪಿಂಗಾಣಿ ಕಪ್ಪುಗಳು ಕಂಡುಬಂದಿವೆಯಂತೆ. ಆದ್ದರಿಂದ ನಾವು ಅನುಕೂಲಸ್ಥರಂತೆ. ಆದ್ದರಿಂದ ನಮ್ಮ ಉಪಯೋಗಕ್ಕೆ ಬಿಟ್ಟುಕೊಟ್ಟಿದ್ದ ಆ ಪಂಪ್‌ಹೌಸಿಗೆ ಬರುವ ತಿಂಗಳ ಮೊದಲ ದಿನ ಬೀಗ ಬೀಳುತ್ತದಂತೆ. ಬೀಗದ ಹಿಂದೆ ತಮ್ಮ ಕಚೇರಿಯ ಮುರಿದ ಕುರ್ಚಿ, ಮೇಜುಗಳು ವಿಶ್ರಾಂತಿ ಪಡೆಯಲಿವೆಯಂತೆ. ಇಷ್ಟೊಂದು ಅಂತೆಗಳನ್ನು ಒಂದೇ ಹಾಳೆಯಲ್ಲಿ ನಾನು ಓದಿದ್ದು ಇದೇ ಮೊದಲು.

ಆ ಕೋಣೆ ತಮ್ಮ ಕಡತದಲ್ಲಿ ಹೇಗಿದೆಯೋ ಗೊತ್ತಿಲ್ಲ, ನಮ್ಮ ಕಣ್ಣಿಗೆ ಹೇಗಿದೆ ಎಂದು ಹೇಳುತ್ತೇನೆ. ಪಂಪು ಕೆಟ್ಟು, ಗೋಡೆಗೆ ಎಣ್ಣೆಯ ಕಲೆ ಮೆತ್ತಿಕೊಂಡು, ಹಲ್ಲಿಗಳು ಸಂಸಾರ ಹೂಡಿದ್ದ ಜಾಗ ಅದು. ತಮ್ಮ ಹಿಂದಿನವರು ದೊಡ್ಡ ಮನಸ್ಸು ಮಾಡಿ ಕೊಟ್ಟರು, ನಾವು ಗುಡಿಸಿ ಸುಣ್ಣ ಹೊಡೆದೆವು. ಕಣ್ಣು ಮಂಜಾದ ಟೈಲರ್ ಅಜ್ಜಿ ತನ್ನ ಹೊಲಿಗೆ ಮಿಷನ್ ತಂದಿಟ್ಟಳು. ಹಜಾಮರ ಮನೆಯವರು ಏಣಿ ತಂದಿಟ್ಟರು. ಬಡಗಿ ಕೆಲಸ ಮಾಡುವ ನಮ್ಮ ಯಜಮಾನರು ಗರಗಸ, ಉಳಿ, ಡ್ರಿಲ್ಲು ತಂದಿಟ್ಟು, 'ಬೇಕಾದೋರು ತಗೊಂಡು ಹೋಗಿ, ಮೊಂಡು ಮಾಡಿ ಮಾತ್ರ ತರಬೇಡಿ' ಎಂದರು. ಕೈಕೆಲಸ ಬಲ್ಲವರು ಬಾರದವರಿಗೆ ಹೇಳಿಕೊಡಬೇಕು, ಕಲಿತವರು ಇನ್ನೊಬ್ಬರಿಗೆ ಕಲಿಸದೆ ಬಿಡಬಾರದು. ನಮ್ಮ ಬಡತನ ನಿವಾರಣಾ ಯೋಜನೆ ಎಂದರೆ ಇಷ್ಟೇ. ಉದ್ಘಾಟನೆಗೆ ಯಾರನ್ನೂ ಕರೆಯದ ಕಾರಣ ಅದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಇನ್ನು ಕುರ್ಚಿಗಳ ವಿಷಯ. ಅವಮಾನವಾದರೂ ಚಿಂತೆಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಇಡೀ ಬೀದಿಯಲ್ಲಿ ಬಂದವರನ್ನು ಕೂರಿಸಬಹುದಾದ ಕುರ್ಚಿ ಇರುವುದು ಎರಡು. ಫ್ಯಾನು ಒಂದು. ಕಿವಿ ಮುರಿಯದ ಕಪ್ಪುಗಳು ಒಂದು ತಟ್ಟೆ ತುಂಬುವಷ್ಟು. ಇವೆಲ್ಲ ಆ ಕೋಣೆಯಲ್ಲಿರುತ್ತವೆ. ಯಾರ ಮನೆಗೆ ನೆಂಟರು ಬರಲಿ, ಹೆಣ್ಣು ನೋಡುವವರು ಬರಲಿ, ಡಾಕ್ಟರು ಬರಲಿ, ಅವರು ಬಾಗಿಲಿಗೆ ಬರುವುದರೊಳಗೆ ಈ ಸಾಮಾನೆಲ್ಲ ಆ ಮನೆ ಸೇರಿರಬೇಕು. ಇದು ನಮ್ಮ ಬೀದಿಯ ಮರ್ಯಾದೆ. ಇದಕ್ಕೆ ಯಾರೂ ಠರಾವು ಮಾಡಿಲ್ಲ, ಯಾರೂ ತಪ್ಪಿಸಿಯೂ ಇಲ್ಲ.

ಹೀಗಿರುವಾಗ ತಮ್ಮ ಪರಿಶೀಲನಾಧಿಕಾರಿಗಳು ಬಂದರು. ಪಾಪ, ಒಳ್ಳೆಯ ಮನುಷ್ಯ, ಮಾತು ಮೃದು. ಬೀದಿಯ ತುದಿಯಲ್ಲಿ ಅವರು ಕಾಣಿಸಿದ್ದೇ ತಡ, ನಮ್ಮ ಅತ್ತೆ ಇದ್ದಲ್ಲಿಂದಲೇ ಕೂಗಿದರು: 'ಬಂದೋರನ್ನ ನಿಲ್ಲಿಸಿ ಮಾತಾಡಿಸ್ತಾರೇನೇ? ಕುರ್ಚಿ ಕಳಿಸು ಮೊದ್ಲು.' ಕಳಿಸಿದೆವು. ಆದರೆ ಸಾಮಾನ್ಯ ನೆಂಟರು ಒಂದು ಮನೆಗೆ ಬಂದು ಹೋಗುತ್ತಾರೆ. ಇವರು ಎಲ್ಲ ಮನೆಗೂ ಬಂದವರು. ಒಂದು ಮನೆಯಲ್ಲಿ ಕುರ್ಚಿ ಕೊಟ್ಟು ಇನ್ನೊಂದು ಮನೆಯಲ್ಲಿ ನಿಲ್ಲಿಸಿದರೆ ಆ ಮನೆಯವರ ಮುಖ ಎಲ್ಲಿಡಬೇಕು?

ಅವರು ಮುಂಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರೆ ನಮ್ಮ ಯಜಮಾನರೂ ಹಜಾಮರೂ ಹಿತ್ತಿಲಿನಿಂದ ಕುರ್ಚಿ ಹೊತ್ತು ಓಡುತ್ತಿದ್ದರು. ಹಿಂದೆ ಫ್ಯಾನು ಅಪ್ಪಿಕೊಂಡು ನಾನು. ನನ್ನ ಹಿಂದೆ ತೊಳೆದ ಕಪ್ಪುಗಳನ್ನು ಸೆರಗಲ್ಲಿ ಒರೆಸುತ್ತ ನನ್ನ ನಾದಿನಿ. ಮಾನ್ಯರೇ, ಲೇಸಿಲ್ಲದ ಚಪ್ಪಲಿ ಹಾಕಿಕೊಂಡು ಬರುವ ಅಧಿಕಾರಿಯನ್ನು ತಾವು ಕಳಿಸಿದ್ದರೆ ಈ ಅನಾಹುತ ಆಗುತ್ತಲೇ ಇರಲಿಲ್ಲ. ಒಂದು ಮನೆಯಲ್ಲಂತೂ ಪ್ಲಗ್ಗೇ ಇರಲಿಲ್ಲ. ಫ್ಯಾನು ಸುಮ್ಮನೆ ಅವರ ಮುಖ ನೋಡುತ್ತ ನಿಂತಿತ್ತು. 'ಕರೆಂಟ್ ಹೋಗಿದೆ ಸಾರ್' ಎಂದೆವು. ಅವರ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು.

ಅವರು ಏನನ್ನೂ ಗಮನಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಆ ಎರಡರಲ್ಲಿ ಒಂದು ಕುರ್ಚಿ ಕೂತ ಕೂಡಲೇ ಎಡಕ್ಕೆ ವಾಲುತ್ತದೆ. ಅವರು ಹೋದ ಹೋದಲ್ಲೆಲ್ಲ ಎಡಕ್ಕೆ ವಾಲಿದರು. ಹಜಾಮರ ಮನೆಗೆ ಬರುವ ಹೊತ್ತಿಗೆ ತಡೆಯಲಾಗದೆ ಕೇಳಿಯೇಬಿಟ್ಟರು: 'ಏನಮ್ಮಾ, ನೀವೆಲ್ಲ ಒಂದೇ ಅಂಗಡೀಲಿ ಕುರ್ಚಿ ತಗೊಂಡ್ರಾ?' ಹಜಾಮರ ಹೆಂಡತಿ ಸುಳ್ಳು ಹೇಳುವವಳಲ್ಲ. 'ಹೂಂ ಸಾರ್, ಎಲ್ಲಾ ಒಂದೇ ಕಡೆಯವು' ಎಂದಳು. ಆದೇಶದಲ್ಲಿ 'ನಿವಾಸಿಗಳು ಪೀಠೋಪಕರಣಗಳನ್ನು ಸಗಟಾಗಿ ಖರೀದಿಸುವ ಸಾಮರ್ಥ್ಯ ಹೊಂದಿರುತ್ತಾರೆ' ಎಂದಿರುವುದು ಅದರ ಫಲ.

ಮೋಸ ಮಾಡಿದಿರಿ ಎಂದು ತಾವು ಹೇಳಬಹುದು. ಮೋಸಗಾರರಾದವರು ಇದ್ದದ್ದನ್ನು ಬಚ್ಚಿಟ್ಟು ಇಲ್ಲವೆಂದು ಅಳುತ್ತಾರೆ. ಬಡತನ ನೋಡಲು ಬಂದವರ ಮುಂದೆ ಬೀದಿಯ ಸಾಮಾನನ್ನೆಲ್ಲ ತಂದು ಸುರಿದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡವರನ್ನು ಏನೆಂದು ಕರೆಯುತ್ತಾರೋ ತಾವೇ ಹೇಳಬೇಕು. ದಡ್ಡರು ಎಂದರೆ ಒಪ್ಪಿಕೊಳ್ಳುತ್ತೇನೆ.

ನಗುವಿನ ಮಾತು ಇಲ್ಲಿಗೆ ಸಾಕು. ನನ್ನ ನಾದಿನಿಯ ವಿಷಯ ಹೇಳಬೇಕು. ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಟೈಲರ್ ಅಜ್ಜಿಯ ಪಕ್ಕ ಕೂತು ಹೊಲಿಗೆ ಕಲಿತಳು. ಮೊದಮೊದಲು ಅವಳು ಹೊಲಿದ ದಿಂಬಿನ ಚೀಲಕ್ಕೆ ಬಾಯೇ ಇರುತ್ತಿರಲಿಲ್ಲ, ನಾಲ್ಕೂ ಕಡೆ ಹೊಲಿದುಬಿಡುತ್ತಿದ್ದಳು. ಈಗ ಆಸ್ಪತ್ರೆಯವರು ಅವಳಿಗೆ ಹಾಸಿಗೆ ಹೊದಿಕೆಗಳ ಆರ್ಡರ್ ಕೊಟ್ಟಿದ್ದಾರೆ. ಬರುವ ತಿಂಗಳೇ ಶುರು. ಹೊಲಿಗೆ ಬಲ್ಲ ಇನ್ನೂ ಮೂವರು ಹೆಂಗಸರಿಗೆ ಅವಳೇ ಕೆಲಸ ಹಂಚಿದ್ದಾಳೆ. ಅವಳ ಮನೆಯೋ, ಚಾಪೆ ಹಾಸಿದರೆ ಬಾಗಿಲು ತೆರೆಯಲು ಬರುವುದಿಲ್ಲ. ಅಷ್ಟುದ್ದದ ಬಟ್ಟೆ ಹರಡಿ ಕತ್ತರಿಸಲು ಇರುವ ಜಾಗ ಆ ಪಂಪ್‌ಹೌಸಿನ ನೆಲ ಒಂದೇ. ಬೀಗ ಬಿದ್ದರೆ ಆರ್ಡರ್ ಹೋಯಿತು. ಆದೇಶ ಓದಿದ ದಿನ ಅವಳು ಹೇಳಿದ್ದು ಇಷ್ಟು: 'ಅತ್ತಿಗೆ, ಅವರು ಬಡವರು ಅಂದಾಗ ಬೇಜಾರಾಗಿತ್ತು. ಈಗ ಬಡವರಲ್ಲ ಅಂತಿದ್ದಾರೆ, ಇನ್ನೂ ಬೇಜಾರಾಗ್ತಿದೆ ನೋಡಿ.'

ಅದಕ್ಕೇ ನಾನೂ ಯಜಮಾನರೂ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಕಡತದಿಂದ ತಲೆಯೆತ್ತದೆ, 'ಒಳ್ಳೇ ಸುದ್ದಿ ಅಲ್ವೇನಮ್ಮಾ? ಬಡವರು ಅಂತ ಬರೆಸ್ಕೊಳ್ಳೋಕೆ ಯಾಕಿಷ್ಟು ಆಸೆ?' ಎಂದರು. ಬರೆಸಿಕೊಳ್ಳುವ ಆಸೆ ಇಲ್ಲ ಸ್ವಾಮಿ, ಬಡತನ ಸ್ವಲ್ಪ ಇಳಿದಿರುವುದೂ ನಿಜ, ಆದರೆ ಅದು ಇಳಿದದ್ದೇ ಆ ಕೋಣೆಯಿಂದ ಎಂದೆ. ಜ್ವರ ಇಳಿಯಿತೆಂದು ಔಷಧಿಯ ಬಾಟಲಿಯನ್ನೇ ಕಿತ್ತುಕೊಂಡು ಹೋಗುವ ಡಾಕ್ಟರು ಎಲ್ಲಾದರೂ ಇದ್ದಾರೆಯೇ? ಇಷ್ಟೆಲ್ಲ ಮಾತಾಡುವಾಗಲೂ ನಾವು ನಿಂತೇ ಇದ್ದೆವು. ತಮ್ಮಲ್ಲಿ ಬಂದವರಿಗೆ ಕುರ್ಚಿ ಇಲ್ಲ. ಕುರ್ಚಿಗಳೆಲ್ಲ ಕಾಲು ಮುರಿದುಕೊಂಡು ಕಾರಿಡಾರಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ನಮ್ಮ ಕೋಣೆಗೆ ಬರಲಿರುವ ಬಾಡಿಗೆದಾರರು ಅವರೇ ಎಂದು ಆಮೇಲೆ ತಿಳಿಯಿತು. ಯಜಮಾನರು ನನ್ನ ಜಗಳ ಬಿಟ್ಟು ಆ ರಾಶಿಯ ಸುತ್ತಲೇ ಸುತ್ತುತ್ತಿದ್ದರು. ಹೊರಗೆ ಬಂದ ಮೇಲೆ ಮುಖವರಳಿಸಿಕೊಂಡು ಹೇಳಿದರು: 'ಒಂದು ಕಾಲು, ಎರಡು ಮೊಳೆ, ಅಷ್ಟೇ ಕಣೇ. ಎಲ್ಲಾ ಗಟ್ಟಿ ಮರ.'

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಬೀಗದ ಆದೇಶವನ್ನು ತಿಂಗಳು ಮುಗಿಯುವುದರೊಳಗೆ ಹಿಂದಕ್ಕೆ ತೆಗೆದುಕೊಳ್ಳಿ. ಮುರಿದ ಕುರ್ಚಿಗಳನ್ನು ಅದೇ ಪಂಪ್‌ಹೌಸಿಗೆ ಧಾರಾಳವಾಗಿ ಕಳಿಸಿ, ಮಲಗಿಸುವುದಕ್ಕಲ್ಲ, ಎಬ್ಬಿಸಿ ನಿಲ್ಲಿಸುವುದಕ್ಕೆ. ಯಜಮಾನರ ಕೈಯಲ್ಲಿ ಬಡಗಿ ಕೆಲಸ ಕಲಿಯುತ್ತಿರುವವರಿಗೂ ಅಭ್ಯಾಸವಾದೀತು. ಅರ್ಧ ತಮಗೆ ವಾಪಸು ಬರುತ್ತವೆ. ತಮ್ಮ ಕಾರಿಡಾರಿನಲ್ಲಿ ನಿಂತು ನಿಂತು ಕಾಲು ಸೋತವರು ಕೂರಲಿ. ಉಳಿದರ್ಧ ನಮ್ಮ ಬೀದಿಗೆ, ಮನೆಗೊಂದರಂತೆ. ಆಗ ತಮ್ಮ ವರದಿಯೂ ನಿಜವಾಗುತ್ತದೆ, ನಮ್ಮವರಿಗೂ ಹಿತ್ತಿಲಿನಲ್ಲಿ ಓಡುವುದು ತಪ್ಪುತ್ತದೆ.

ಇದು ಸಾಧ್ಯವಿಲ್ಲ, ಬೀಗವನ್ನೇ ತರುತ್ತೇವೆ ಎನ್ನುವುದಾದರೆ ಬೇರೆಯವರನ್ನು ಕಳಿಸಬೇಡಿ, ತಾವೇ ಬನ್ನಿ. ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂತಿರುವ ನನ್ನ ನಾದಿನಿಗೆ ಎದ್ದೇಳು ಎಂದು ತಾವೇ ಹೇಳಿ. ಅವಳು ಏಳುತ್ತಾಳೆ, ಅಡ್ಡಿಯಿಲ್ಲ. ಆದರೆ ಎದ್ದವಳು ಮೊದಲು ತಮಗೆ ಕೂರಲು ಕುರ್ಚಿ ತಂದಿಡುತ್ತಾಳೆ. ಕೂತ ಕೂಡಲೇ ಎಡಕ್ಕೆ ವಾಲಿದರೆ ಗಾಬರಿಯಾಗಬೇಡಿ. ಅದೇ ಕುರ್ಚಿ.

ಇಂತಿ,
ತಮ್ಮ ಕಡತದ ಪ್ರಕಾರ ಅನುಕೂಲಸ್ಥಳೂ
ಫ್ಯಾನು ಹೊತ್ತು ಓಡಿ ಇನ್ನೂ ಸೊಂಟ ಹಿಡಿದುಕೊಂಡಿರುವವಳೂ ಆದ
ಬೀದಿಯ ಇಸ್ತ್ರಿ ಅಂಗಡಿಯವಳು