ನಿಮ್ಮಮ್ಮನ ಹದಿನಾಲ್ಕು ಲೈಟು

॥ ಶ್ರೀ ಗುರು ಬಸವಲಿಂಗಾಯ ನಮಃ ॥

ಅಜ್ಜಂಪುರ
೮ ಅಕ್ಟೋಬರ್ ೨೦೨೫, ಬುಧವಾರ

ಮುದ್ದಿನ ಮಗಳು ಸಂಘಮಿತ್ರಾಳಿಗೆ ನಿನ್ನ ಚಿಕ್ಕಮ್ಮ ಯಶೋದಾ ಮಾಡುವ ಆಶೀರ್ವಾದಗಳು.

ಗಂಟಲುನೋವು ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದಿದ್ದೆ, ಮುಕ್ಕಳಿಸಿದೆಯೋ ಇಲ್ಲವೋ. ಹಾಸ್ಟೆಲಿನ ಅನ್ನ ಇನ್ನೂ ಸೋಡಾ ವಾಸನೆ ಹೊಡೆಯುತ್ತಿದ್ದರೆ ಅದನ್ನು ಬಿಟ್ಟು ಚಪಾತಿ ತಿನ್ನು. ಈ ಕಾಗದದ ಜೊತೆ ಹುಚ್ಚೆಳ್ಳು ಚಟ್ನಿಪುಡಿ ಕಳಿಸಿದ್ದೇನೆ, ಡಬ್ಬಿ ಸಮೇತ ರೂಮಿನವರಿಗೆ ದಾನ ಮಾಡಿ ಕೂರಬೇಡ. ಇಲ್ಲಿ ನಿಮ್ಮಪ್ಪ ಚೆನ್ನಾಗಿದ್ದಾರೆ, ಶುಗರ್ ಹತೋಟಿಯಲ್ಲಿದೆ, ಗೊಬ್ಬರದ ಅಂಗಡಿಯಲ್ಲಿ ಈಗ ಅಂಥ ಗಲಾಟೆ ಇಲ್ಲ. ನಾನೂ ಇದ್ದೇನೆ. ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಾಳೆ ಈ ಹೆಂಗಸು ಎಂದು ನಿನಗೆ ಅನ್ನಿಸಬಹುದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದ್ದಕ್ಕೆ ನೀಲಿ ಗೆರೆ ಬಂದು ಆರು ದಿನವಾಯಿತು, ಉತ್ತರ ಇಲ್ಲ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ಲೈಟಿನ ವಿಷಯ ನಿಮ್ಮಪ್ಪನ ಬಾಯಲ್ಲಿ ಕೇಳಿದ್ದೀಯ, ನನ್ನ ಬಾಯಲ್ಲೂ ಒಂದು ಸಲ ಕೇಳು. ಹಾಲ್‌ನ ಫಾಲ್ಸ್ ಸೀಲಿಂಗಿನೊಳಗೆ ಹುದುಗಿಸಿದ್ದ ಆ ಹದಿನಾಲ್ಕು ಗುಂಡು ಲೈಟುಗಳಿದ್ದವಲ್ಲ, ಒಂದೊಂದೂ ಐವತ್ತು ವ್ಯಾಟಿನ ಹ್ಯಾಲೋಜನ್. ಸಂಜೆ ಹಾಕಿದರೆ ಹೊಲಿಗೆ ಮೆಷಿನ್ ಮುಂದೆ ಕೂತ ನನ್ನ ನೆತ್ತಿ ಬೇಯುತ್ತಿತ್ತು. ಸೆಖೆಯನ್ನಾದರೂ ತಡೆದುಕೊಳ್ಳಬಹುದು, ಆ ಹಳದಿ ಬೆಳಕಿನಲ್ಲಿ ದಾರದ ಬಣ್ಣವೇ ತಿಳಿಯುತ್ತಿರಲಿಲ್ಲ. ಹೋದ ತಿಂಗಳು ಎದುರುಮನೆ ದ್ಯಾವಮ್ಮನ ಮಗಳ ಮದುವೆ ಬ್ಲೌಸಿಗೆ ಕುಂಕುಮದ ಬಣ್ಣ ಅಂದುಕೊಂಡು ಕಾಫಿಪುಡಿ ಬಣ್ಣದ ದಾರ ಹಾಕಿ ಹೊಲಿದುಬಿಟ್ಟೆ. ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿ ದ್ಯಾವಮ್ಮ, "ಏನೇ ಯಶೋದಾ, ಕಾಮಾಲೆ ಏನಾರ ಬಂದೈತೇನೇ ನಿನ್ ಕಣ್ಗೆ?" ಅಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನನ್ನ ಕಣ್ಣು ನೆಟ್ಟಗೇ ಇತ್ತು, ಹಳದಿ ಇದ್ದದ್ದು ಲೈಟು. ಅಷ್ಟೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಮೇಲಾಗಿ ಮೂರು ಬಲ್ಬು ಸುಟ್ಟುಹೋಗಿವೆ, ಆ ನಮೂನೆಯವು ತರೀಕೆರೆಯಲ್ಲೂ ಸಿಗುತ್ತಿಲ್ಲ ಎಂದು ನಿಮ್ಮಪ್ಪನಿಗೆ ಹೇಳಿದೆ. ಪೇಪರ್ ಓದುತ್ತಿದ್ದವರು ತಲೆ ಎತ್ತದೆ, ಸರಿ ಬದಲಾಯಿಸು ಅಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆಯಾಗಿರುತ್ತಿತ್ತು. ಆದರೆ ಮನಸ್ಸಿನಲ್ಲಿರುವುದನ್ನು ನುಂಗಿ ನುಂಗಿ ನನಗೆ ಸಾಕಾಗಿದೆ. ನನಗೆ ನಿಮ್ಮಮ್ಮನ ಮೇಲೆ ಹೊಟ್ಟೆಕಿಚ್ಚು ಕಣೇ. ಸತ್ತವಳ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನಗಬೇಡ. ಬದುಕಿದ್ದರೆ ಎದುರಿಗೆ ನಿಂತು ಜಗಳ ಆಡಬಹುದಿತ್ತು, ನಿನ್ನ ಸಾರು ಬರೀ ನೀರು ಕಣೇ ಅನ್ನಬಹುದಿತ್ತು. ಈಗ ಅವಳು ಮಾಡಿದ ಸಾರನ್ನು ನಾನು ಉಂಡಿಲ್ಲ, ಉಂಡವರೆಲ್ಲ ಅಂಥ ಸಾರು ಇನ್ನು ಸಿಗುವುದಿಲ್ಲ ಅನ್ನುತ್ತಾರೆ. ನಿಮ್ಮಮ್ಮ ಶಶಿ ಹೋಗಿ ಹತ್ತು ವರ್ಷ, ನಾನು ತವರೂರು ಶಿವನಿಯಿಂದ ನಿಮ್ಮಪ್ಪನ ಕೈ ಹಿಡಿದು ಈ ಮನೆಗೆ ಬಂದು ಏಳು ವರ್ಷ. ಫೋಟೋದಲ್ಲಿ ಅವಳು ಮೂವತ್ತೆರಡಕ್ಕೇ ಕೂತುಬಿಟ್ಟಿದ್ದಾಳೆ, ಒಂದು ಕೂದಲೂ ನರೆತಿಲ್ಲ. ನನಗೆ ನಲವತ್ತಾಯಿತು, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯುತ್ತದೆ. ದಾವಣಗೆರೆಯಲ್ಲಿ ಯಾರದೋ ಮನೆಯಲ್ಲಿ ನೋಡಿ ಬಂದು, ಹಟ ಹಿಡಿದು, ಊರಿಗೇ ಮೊದಲು ಹಾಕಿಸಿದ ಲೈಟಂತೆ ಅವು. ಗೃಹಪ್ರವೇಶಕ್ಕೆ ಬಂದವರು ಎಲೆ ಮುಂದೆ ಕೂತು ಊಟ ಬಿಟ್ಟು ಸೂರು ನೋಡಿದರಂತೆ. ಈ ಕಥೆಯನ್ನು ನನಗೆ ಹೇಳದವರು ಯಾರಿದ್ದಾರೆ? "ಶಶಿ ಲೈಟ್ ಹಾಕುದ್ರೆ ಮದ್ವೆಮನೆ ಇದ್ದಂಗಿರೋದು" ಎಂದು ದ್ಯಾವಮ್ಮ ನಾನು ಕೊಟ್ಟ ಕಾಫಿ ಕುಡಿಯುತ್ತಲೇ ಹೇಳುತ್ತಾಳೆ. ಏಳು ವರ್ಷದಿಂದ ಸ್ವಿಚ್ ಒತ್ತುವವಳು ನಾನು. ಪ್ರತಿ ಹಬ್ಬಕ್ಕೂ ಸ್ಟೂಲ್ ಹತ್ತಿ, ಕತ್ತು ನೋಯಿಸಿಕೊಂಡು, ಹದಿನಾಲ್ಕನ್ನೂ ಒರೆಸುವವಳು ನಾನು. ಆದರೂ ಅವು ಶಶಿಯ ಲೈಟು. ನಿನಗೆ ಸಂಘಮಿತ್ರಾ ಎಂದು ಹೆಸರಿಟ್ಟವಳೂ ಅವಳೇ ಅಂತೆ. ಚೆನ್ನಾಗಿದೆ ಹೆಸರು, ಅದಕ್ಕೂ ಹೊಟ್ಟೆ ಉರಿಯುತ್ತದೆ.

ಹೋಗಲಿ, ವೇಣು ಬಂದ. ಬೀರೂರು ರಸ್ತೆಯ ಎಲೆಕ್ಟ್ರಿಷಿಯನ್, ನಿನಗೆ ಗೊತ್ತಲ್ಲ. ಹಳೆಯ ಬಲ್ಬು ಕಿತ್ತು ಐದೈದು ವ್ಯಾಟಿನ ಎಲ್‌ಇಡಿ ಸಿಕ್ಕಿಸಿದ. ಸ್ವಿಚ್ ಒತ್ತಿದ್ದೇ ತಡ, ಹದಿನಾಲ್ಕೂ ಪಟಪಟ ಅಂತ ಕಣ್ಣು ಮಿಟುಕಿಸತೊಡಗಿದವು. ಆರಿಸಿ ಹಾಕಿದರೂ ಅದೇ. ಬಾಗಿಲಲ್ಲಿ ನಿಂತಿದ್ದ ದ್ಯಾವಮ್ಮ ಸೆರಗು ಬಾಯಿಗಿಟ್ಟುಕೊಂಡು, "ಶಶಿಗೆ ಇಷ್ಟ ಇಲ್ಲ ಕಣೇ, ಬ್ಯಾಡ ಅಂತಾವ್ಳೆ" ಅಂದಳು. ನನಗೆ ಹೆದರಿಕೆ ಆಗಬೇಕಿತ್ತು, ಆಗಿದ್ದು ಸಿಟ್ಟು. ಮೈಯೆಲ್ಲ ಉರಿದುಹೋಯಿತು. ಸೂರಿನ ಕಡೆ ನೋಡಿ, "ಲೇ ಶಶಿ, ಗಂಡನ್ನೇ ಬಿಟ್ಕೊಟ್ಟು ಹೋದೋಳು ಬಲ್ಬಿಗ್ಯಾಕೆ ಜಗಳಕ್ಕೆ ಬತ್ತೀಯೇ?" ಎಂದು ಅಂದೇಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ವೇಣು ಏಣಿಯ ಮೇಲಿಂದ, "ಅವ್ರೇನೂ ಮಾಡ್ತಿಲ್ಲ ಕಣಕ್ಕಾ, ಹಳೇ ಟ್ರಾನ್ಸ್‌ಫಾರ್ಮರ್‌ಗೆ ಲೋಡ್ ಸಾಲ್ತಿಲ್ಲ" ಎಂದ. ಹಳೆಯ ಬಲ್ಬುಗಳು ಯದ್ವಾತದ್ವಾ ಕರೆಂಟು ಎಳೆಯುತ್ತಿದ್ದವಂತೆ, ಹೊಸವು ಚೂರೇ ಚೂರು ಎಳೆಯುತ್ತವಂತೆ, ಅಷ್ಟಕ್ಕೆ ಒಂದೊಂದು ಬಲ್ಬಿನ ಹಿಂದೆಯೂ ಇರುವ ಆ ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಮಾರನೇ ದಿನ ತೂತುಗಳಿಂದ ಒಂದೊಂದೇ ಪೆಟ್ಟಿಗೆ ಎಳೆದು ತೆಗೆದು, ಹೊಸ ಎಲ್‌ಇಡಿ ಸೆಟ್ಟನ್ನೇ ಕೂರಿಸಿಕೊಟ್ಟ. ಬೆಳ್ಳಗೆ ಬೆಳಕು ಬಂತು. ಮೂಲೆಯಲ್ಲಿದ್ದ ಜೇಡರಬಲೆ ಕೂಡ ಕಂಡಿತು. ಔಷಧಿ ಅಂಗಡಿ ಇದ್ದಂಗೈತೆ ಅಂದಳು ದ್ಯಾವಮ್ಮ. ಅನ್ನಲಿ. ಅವರಿಬ್ಬರೂ ಹೋದ ಮೇಲೆ ನಾನು ಹಾಲ್‌ನ ಮಧ್ಯೆ ನಿಂತು ಒಂದು ಸುತ್ತು ಸುತ್ತಿ ನೋಡಿದೆ. ಏಳು ವರ್ಷದಲ್ಲಿ ಈ ಮನೆಗೆ ನಾನಾಗಿ ಆರಿಸಿ ತಂದ ಮೊದಲನೇ ವಸ್ತು ಅದು.

ನಿಮ್ಮಪ್ಪ ಅಂಗಡಿಯಿಂದ ಬಂದವರು ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದರು. "ಬೆಳಕೇನೋ ಚೆನ್ನಾಗೈತೆ" ಅಂದರು. ಆ 'ಏನೋ' ನನಗೆ ಇವತ್ತಿಗೂ ಗಂಟಲಿಂದ ಇಳಿದಿಲ್ಲ. ಅವತ್ತಿನಿಂದ ಟಿವಿಯೂ ಬೇಡ, ಏನೂ ಬೇಡ, ಹೊರಗೆ ಜಗಲಿಯ ಮೇಲೆ ಕೂರುತ್ತಾರೆ, ಊಟಕ್ಕೆ ಸೀದಾ ಅಡುಗೆಮನೆಗೆ ಬರುತ್ತಾರೆ. ನಿನಗೆ ಫೋಟೋ ಹೊಡೆದು ಕಳಿಸಿದ್ದು ನನಗೆ ಗೊತ್ತೇ ಇರಲಿಲ್ಲ. ನೀನು ಫೋನು ಮಾಡಿದಾಗ ಸ್ಪೀಕರ್ ಹಾಕಿಕೊಂಡಿದ್ದರು, ರೊಟ್ಟಿ ತಟ್ಟುತ್ತಿದ್ದ ನನಗೆ ಎಲ್ಲ ಕೇಳಿಸಿತು. "ಅಮ್ಮನ ಲೈಟ್ ಕೀಳಿಸ್ಬಿಟ್ರಾ? ಹಂಗಿದ್ರೆ ನಾನು ಹಬ್ಬಕ್ಕೆ ಬರಲ್ಲ" ಅಂದೆ. ರೊಟ್ಟಿ ಸೀದುಹೋಯಿತು. ನೀನು ಹತ್ತನೇ ಕ್ಲಾಸಿಗೆ ಅದೇ ಲೈಟಿನ ಕೆಳಗೆ ಓದುವಾಗ ಎದುರಿಗೆ ತೂಕಡಿಸುತ್ತಾ ಕೂತಿದ್ದವಳು ನಾನು. ಡೆಂಗಿ ಬಂದಾಗ ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು ನಾನು. ಮಾಡಿದ್ದನ್ನು ಹೇಳಿ ತೋರಿಸುತ್ತಿದ್ದಾಳೆ ಎಂದುಕೋ, ಹೌದು, ಹೇಳಿ ತೋರಿಸುತ್ತಿದ್ದೇನೆ. ಅಮ್ಮ ಅನ್ನುವಾಗ ನಿನ್ನ ದನಿ ಹೇಗೆ ಕರಗುತ್ತದೆ ಗೊತ್ತಾ? ಚಿಕ್ಕಮ್ಮ ಅನ್ನುವಾಗ ಸ್ಕೂಲಿನಲ್ಲಿ ಹಾಜರಿ ಕೂಗಿದ ಹಾಗಿರುತ್ತದೆ.

ಈಗ ಹಬ್ಬದ ಮಾತು. ದೀಪಾವಳಿಗೆ ಹಿರಿಯರ ಪೂಜೆ ಇದೆ, ನಿಮ್ಮಮ್ಮನಿಗೆ ಎಡೆ ಇಡಬೇಕು. ಹೆತ್ತ ಮಗಳೇ ಇಲ್ಲದೆ ಎಡೆ ಇಟ್ಟರೆ ಅವಳು ಯಾರ ಮುಖ ನೋಡಿ ಉಣ್ಣಬೇಕು? ಅವಳಿಗೆ ಇಡುವ ಸೀರೆಯನ್ನು ನಿಮ್ಮಪ್ಪ ಪ್ರತಿವರ್ಷ ತಾವೇ ತರೀಕೆರೆಗೆ ಹೋಗಿ, ಅಂಗಡಿಯವನು ಬೇಸರ ಪಡುವಷ್ಟು ಹೊತ್ತು ಕೂತು ಆರಿಸುತ್ತಾರೆ. ನನ್ನ ಸೀರೆಗೆ ಮಾತ್ರ "ನಿಂಗೇನ್ ಬೇಕೋ ನೀನೇ ತಗೋ". ಪೂಜೆಯಾದ ಮೇಲೆ ಆ ಸೀರೆಯನ್ನು ನಾನು ಉಡುವುದು ನಮ್ಮ ಮನೆಯ ಪದ್ಧತಿ. ಹೋದ ವರ್ಷ ಗಿಣಿಹಸಿರು ಸೀರೆ ಉಟ್ಟಾಗ ಎರಡು ಸಲ ತಿರುಗಿ ನೋಡಿದರು. ಯಾರನ್ನು ನೋಡಿದರೋ ಆ ಶಿವನೇ ಬಲ್ಲ. ನೀನು ಬಾರದಿದ್ದರೆ ಅವರು ನನಗೆ ಒಂದು ಮಾತೂ ಅನ್ನುವುದಿಲ್ಲ, ಜಗಲಿ ಬಿಟ್ಟು ಒಳಗೂ ಬರುವುದಿಲ್ಲ. ಊರವರು ಮಲತಾಯಿ ಮಗಳನ್ನು ಓಡಿಸಿದಳು ಅನ್ನುತ್ತಾರೆ. ಅವರ ಬಾಯಿಗೆ ನಾನು ಹೆದರುವವಳಲ್ಲ, ಆ ಜಗಲಿಗೆ ಹೆದರುತ್ತೇನೆ. ಎಲ್‌ಇಡಿಯಲ್ಲೂ ಹಳದಿ ಬರುತ್ತದಂತೆ, ವೇಣು ಹೇಳಿದ. ನಿನಗೆ ಅದೇ ಬೇಕೆಂದರೆ ಹಾಕಿಸೋಣ. ಬಂದು ಎದುರಿಗೆ ನಿಂತು ಹೇಳು, ಬಯ್ಯುವುದಿದ್ದರೆ ಬಯ್ಯು.

ಮಠದಿಂದ ತಂದ ವಿಭೂತಿ ಪಾರ್ಸಲಿನಲ್ಲಿದೆ, ಪರೀಕ್ಷೆಯ ದಿನ ಹಚ್ಚಿಕೊಂಡು ಹೋಗು. ನಿಮ್ಮಪ್ಪನ ಆಶೀರ್ವಾದಗಳು. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ನನ್ನದೂ ಆಶೀರ್ವಾದ ಹೇಳು ಎನ್ನುತ್ತಿದ್ದರು. ಓದು ಬರಹ ಚೆನ್ನಾಗಿ ನಡೆಯಲಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಚಿಕ್ಕಮ್ಮ,
ಯಶೋದಾ

ವಿ.ಸೂ.: ಕವರ್ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬಲ್ಬು ಒಂದೂ ಸುಟ್ಟಿರಲಿಲ್ಲ. ಬ್ಲೌಸಿನ ದಾರದ ಮಾತು ನಿಜ, ಅದಕ್ಕೆ ಒಂದು ಟೇಬಲ್ ಲ್ಯಾಂಪ್ ಸಾಕಿತ್ತು. ಮಹಾನವಮಿಗೆ ಮುಂಚೆ ಒಂದು ಸಂಜೆ ನಿಮ್ಮಪ್ಪ ಜ್ವರ ಅಂತ ಅಂಗಡಿ ಬೇಗ ಮುಚ್ಚಿ ಬಂದು ಹಾಲ್‌ನ ದಿವಾನ್ ಮಂಚದ ಮೇಲೆ ಮಲಗಿದ್ದರು. ದೀಪ ಹಚ್ಚುವ ಹೊತ್ತಾಯಿತೆಂದು ನಾನು ಲೈಟು ಹಾಕಿ ದೇವರಮನೆ ಬಾಗಿಲಲ್ಲಿ ನಿಂತೆ. ಅವರು ಅರೆಗಣ್ಣು ಬಿಟ್ಟು ನನ್ನನ್ನು ನೋಡಿ "ಶಶಿ" ಅಂದರು. ಏಳು ವರ್ಷದಲ್ಲಿ ಅಷ್ಟು ಮೆತ್ತಗೆ ನನ್ನನ್ನು ಒಂದು ದಿನವೂ ಕರೆದವರಲ್ಲ. ನಾನು "ಹೂಂ" ಅಂದುಬಿಟ್ಟೆ ಕಣೇ. "ಮಗು ಸ್ಕೂಲಿಂದ ಬಂತಾ?" ಅಂದರು. "ಬಂತು ಕಣ್ರೀ, ಕೈಕಾಲು ತೊಳೀತೈತೆ" ಅಂದೆ. ನಕ್ಕು ಕಣ್ಣು ಮುಚ್ಚಿಕೊಂಡರು. ಬೆಳಿಗ್ಗೆ ಎದ್ದವಳೇ ವೇಣುವಿಗೆ ಫೋನು ಮಾಡಿದೆ. ಅವರಿಗೆ ಇದು ಯಾವುದೂ ನೆನಪಿಲ್ಲ, ನೀನೂ ಹೇಳಬೇಡ. ಮಗು ಬಂತು ಅಂತ ಹೇಳಿಬಿಟ್ಟಿದ್ದೇನೆ. ಬಂದುಬಿಡು.